ಇನ್ನೊಬ್ಬರ ಉಸಿರಿಗೆ ಬರೆಯುವವರು



ಈ ದತ್ತಿ ಉಪನ್ಯಾಸ ಗೇಯ ಸಾಹಿತ್ಯದ ಬಗ್ಗೆ ಇರಬೇಕು ಎಂಬುದಷ್ಟೇ ನಿಯಮ. ಗೇಯ ಸಾಹಿತ್ಯದ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ನಾನು ವಿದ್ವಾಂಸನಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದೆ, ಅದಕ್ಕಿಂತ ಹೆಚ್ಚು ವರ್ಷ ಹಾಡು ಬರೆದೆ. ಹಾಡು ಬರೆಯುವವರು ಬೆಳಗ್ಗೆ ಎದ್ದು ಏನು ಮಾಡುತ್ತಾರೆ, ಯಾವುದಕ್ಕೆ ಕಿವಿ ಕೊಡುತ್ತಾರೆ, ಯಾವುದನ್ನು ಹೊಡೆದುಹಾಕುತ್ತಾರೆ, ಬರೆದದ್ದು ಕೈಬಿಟ್ಟು ಹೋದಾಗ ಅವರ ಮನಸ್ಸು ಹೇಗಿರುತ್ತದೆ ಎಂಬುದನ್ನು ಹೇಳುತ್ತೇನೆ. ಇಂದು ನನ್ನಿಂದ ಆಗುವುದು ಅಷ್ಟು.

ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಜಿ.ಎಸ್. ಶಿವರುದ್ರಪ್ಪನವರು ಬಾಳಿದ್ದು ಇಲ್ಲೇ, ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ. 2013ರ ಡಿಸೆಂಬರ್ 23ರಂದು ಅವರು ಕೊನೆಯುಸಿರೆಳೆದದ್ದೂ ಅಲ್ಲಿನ ತಮ್ಮ ಮನೆಯಲ್ಲೇ. ಕೆ.ಎಸ್. ನಿಸಾರ್ ಅಹಮದ್ ಪದ್ಮನಾಭನಗರದವರು. ಇವರಿಬ್ಬರ ಮಾತಿಗೂ ದನಿ ಕೊಟ್ಟ ಸಿ. ಅಶ್ವತ್ಥ್ ಎನ್.ಆರ್. ಕಾಲೊನಿಯವರು, ಆ ಬಡಾವಣೆಯ ಕಲಾಭವನಕ್ಕೆ ಈಗ ಅವರದೇ ಹೆಸರಿದೆ. ಒಂದು ಸೈಕಲ್ ಇದ್ದರೆ ಅರ್ಧ ದಿನದಲ್ಲಿ ಮೂರೂ ಕಡೆ ಹೋಗಿಬರಬಹುದು. ಕನ್ನಡಿಗರು ಮದುವೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ನವೆಂಬರ್ ತಿಂಗಳಿನುದ್ದಕ್ಕೂ ಹಾಡುವ ಎಷ್ಟೊಂದು ಹಾಡುಗಳು ಇಷ್ಟು ಸಣ್ಣ ಸುತ್ತಳತೆಯ ಒಳಗಿನಿಂದ ಹೊರಟವು ಎಂದು ನೆನೆದಾಗಲೆಲ್ಲ ಈ ಬೀದಿಗಳ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಇವರೆಲ್ಲರ ಬದುಕಿನಲ್ಲಿ ನಾವು ಸಾಕಷ್ಟು ಗಮನಿಸದ ಸಂಗತಿ ಒಂದಿದೆ. ಇವರು ಸಂಬಳದವರು. ಹಾಡು ಎಂದರೆ ಹೊಳೆದಂಡೆ, ಏಕಾಂತ, ಕೆದರಿದ ಕೂದಲು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ನಿಜ ಏನೆಂದರೆ, ಆಧುನಿಕ ಕನ್ನಡದ ಹಾಡನ್ನು ಬಹಳಮಟ್ಟಿಗೆ ಕಟ್ಟಿದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಜನ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ ದುಡಿದು 1970ರಲ್ಲಿ ನಿವೃತ್ತರಾದರು. 1942ರಲ್ಲಿ 'ಮೈಸೂರ ಮಲ್ಲಿಗೆ' ಬಂದಾಗ ಅವರಿಗೆ ಇಪ್ಪತ್ತೇಳು ವರ್ಷ. ಪು.ತಿ.ನ. ಮೈಸೂರು ಸಂಸ್ಥಾನದ ಸೇನಾ ಕಚೇರಿಯಲ್ಲಿ ಕೆಲಸ ಮಾಡುತ್ತಲೇ 'ಗೋಕುಲ ನಿರ್ಗಮನ'ದಂಥ ಗೇಯನಾಟಕ ಬರೆದರು. ನಿಸಾರ್ ಅಹಮದ್ ಭೂವಿಜ್ಞಾನದವರು. ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆ, ಆಮೇಲೆ ಕಾಲೇಜಿನಲ್ಲಿ ಕಲ್ಲು, ಖನಿಜಗಳ ಪಾಠ. ಎಂ.ಎನ್. ವ್ಯಾಸರಾವ್ ನನ್ನ ಹಾಗೆ ಬ್ಯಾಂಕಿನವರು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು, ಎಚ್.ಎಸ್. ವೆಂಕಟೇಶಮೂರ್ತಿಯವರು ಮೇಷ್ಟರು. ಜಯಂತ ಕಾಯ್ಕಿಣಿ ಜೀವರಸಾಯನ ಓದಿ ಮುಂಬೈಯ ಔಷಧ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದವರು. ಅಶ್ವತ್ಥ್ ಕೂಡ ಐಟಿಐ ಕಾರ್ಖಾನೆಯ ನೌಕರರು. ರಾಗಸಂಯೋಜನೆಗೆ ಅವರಿಗೆ ಸಿಗುತ್ತಿದ್ದದ್ದು ಕೆಲಸದಿಂದ ಉಳಿದ ಹೊತ್ತು.

ನೌಕರಿ ಇವರ ಸೃಷ್ಟಿಯನ್ನು ತಿಂದುಹಾಕಿತು ಎಂದು ಮರುಗುವವರಿದ್ದಾರೆ. ನನ್ನ ಅನುಭವ ಬೇರೆ. ನೌಕರಿ ಹಾಡು ಬರೆಯುವವನಿಗೆ ಒಂದು ಗಡಿಯಾರವನ್ನು ಕೊಡುತ್ತದೆ. ಒಂಬತ್ತೂಕಾಲಿಗೆ ಬಸ್ಸು ಹಿಡಿಯಲೇಬೇಕು ಎಂದಿದ್ದರೆ ಐದರಿಂದ ಏಳರವರೆಗಿನ ಹೊತ್ತಿಗೆ ಬೆಲೆ ಬರುತ್ತದೆ. ನಾನು ಬರೆದದ್ದರಲ್ಲಿ ಉಳಿದದ್ದೆಲ್ಲ ಆ ಎರಡು ತಾಸಿನದು, ಹಾಲಿನವನು ಬರುವುದಕ್ಕೂ ನಲ್ಲಿಯಲ್ಲಿ ನೀರು ಬರುವುದಕ್ಕೂ ನಡುವೆ. ರಾತ್ರಿ ಬರೆದದ್ದನ್ನು ನಾನು ನಂಬುವುದಿಲ್ಲ. ರಾತ್ರಿಯಲ್ಲಿ ಯಾವ ಸಾಲೂ ಚೆನ್ನಾಗಿಯೇ ಕಾಣುತ್ತದೆ. ಬೆಳಗಿನ ಬೆಳಕಿಗೆ ಆ ದಾಕ್ಷಿಣ್ಯವಿಲ್ಲ.

ಬ್ಯಾಂಕು ಕಲಿಸಿದ್ದು ಇನ್ನೊಂದಿದೆ. ಕಂಪ್ಯೂಟರ್ ಬರುವ ಮೊದಲು ಸಂಜೆ ಲೆಡ್ಜರ್ ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹನ್ನೆರಡು ಪೈಸೆ ವ್ಯತ್ಯಾಸ ಬಂದರೆ ಇಡೀ ಶಾಖೆ ಕೂತು ಹುಡುಕುತ್ತಿತ್ತು. ಜೇಬಿನಿಂದ ಹನ್ನೆರಡು ಪೈಸೆ ಹಾಕಿ ಮುಗಿಸುವಂತಿರಲಿಲ್ಲ, ಏಕೆಂದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದು ಮುಖ್ಯ. ಹಾಡಿನಲ್ಲಿ ಒಂದು ಮಾತ್ರೆ ಕಡಿಮೆಯಾದರೆ 'ಓ' ಎಂದೋ 'ಆ' ಎಂದೋ ತುಂಬಿ ಮುಗಿಸಬಹುದು. ಹಾಗೆ ತುಂಬಿದ ಹಾಡುಗಳನ್ನು ದಿನವೂ ಕೇಳುತ್ತೇವೆ. ಆ ಒಂದು ಮಾತ್ರೆ ಎಲ್ಲಿ ತಪ್ಪಿತು ಎಂದು ಹುಡುಕುತ್ತಾ ಹೋದರೆ ಹಲವು ಸಲ ಆ ಪದವೇ ಅಲ್ಲಿರಬೇಕಾದದ್ದಲ್ಲ ಎಂದು ತಿಳಿಯುತ್ತದೆ. ಲೆಕ್ಕದ ತಪ್ಪು ಅರ್ಥದ ತಪ್ಪನ್ನು ತೋರಿಸಿಕೊಡುತ್ತದೆ.

ಮಾತ್ರೆಯ ಮಾತು ಬಂದಿತು. ಇದನ್ನು ಛಂದಸ್ಸಿನ ಪಾಠದ ಹಾಗೆ ಹೇಳದೆ ನಡೆದುಕೊಂಡು ಹೇಳುತ್ತೇನೆ. ನಾನು ದಿನಾ ಬೆಳಗ್ಗೆ ಯಡಿಯೂರು ಕೆರೆಯ ಸುತ್ತ ನಡೆಯುತ್ತೇನೆ. ಒಂದು ಹೆಜ್ಜೆಗೆ ಒಂದು ಮಾತ್ರೆ ಎಂದು ಇಟ್ಟುಕೊಳ್ಳಿ. ನಾಲ್ಕು ಮಾತ್ರೆಯ ಗಣದಲ್ಲಿ ಬರೆದ ಸಾಲನ್ನು ಹೇಳಿಕೊಂಡು ನಡೆದರೆ ಪ್ರತಿ ಗಣವೂ ಅದೇ ಕಾಲಿನ ಮೇಲೆ ಶುರುವಾಗುತ್ತದೆ: ಬಲ, ಬಲ, ಬಲ. ಕವಾಯಿತಿನ ಹಾಡುಗಳು, ಏರುದನಿಯ ನಾಡಪದ್ಯಗಳು ನಾಲ್ಕರಲ್ಲಿ ಚೆನ್ನಾಗಿ ಕೂರುವುದು ಇದಕ್ಕೇ. ಮೂರು ಮಾತ್ರೆಯ ಗಣ ಹಿಡಿದರೆ ಒಂದು ಗಣ ಬಲಗಾಲಿಗೆ, ಮುಂದಿನದು ಎಡಗಾಲಿಗೆ. 'ಕೆರೆಯ ಏರಿ ದಾಟಿ ಬಂದ ಗಾಳಿ' ಎಂದು ನಾನು ಅಲ್ಲಿಯೇ ಕಟ್ಟಿದ ಒಂದು ಸಾಲಿದೆ, ಐದೂ ಗಣ ಮೂರು ಮೂರು ಮಾತ್ರೆ. ಅದನ್ನು ಹೇಳಿಕೊಂಡು ನಡೆದರೆ ಮೈ ತಾನಾಗಿ ಆ ಕಡೆ ಈ ಕಡೆ ತೂಗುತ್ತದೆ. ಐದಕ್ಕೂ ಹಾಗೇ, ಏಳಕ್ಕೂ ಹಾಗೇ. ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ಎಂಬ ಓಟ ಸಂಗೀತದವರ ಮಿಶ್ರಚಾಪಿಗೆ ಸರಿಯಾಗಿ ಹೊಂದುವುದನ್ನು ಗಮಕಿಗಳು ಬಲ್ಲರು. ಕುಮಾರವ್ಯಾಸನನ್ನು ಓದುವಾಗ ಸಿಗುವ ಆ ಒಲೆದಾಟವನ್ನು ನಾನು ಮೊದಲು ಅರಿತದ್ದು ಕಾಲಿನಿಂದ, ಆಮೇಲೆ ಪುಸ್ತಕದಿಂದ.

ನಮ್ಮ ತಾಯಿ ಯಾವ ಛಂದಸ್ಸನ್ನೂ ಓದಿದವರಲ್ಲ. ಅವರ ಬಳಿ ಒಂದು ಹಾಡಿನ ಪುಸ್ತಕವಿತ್ತು. ಅಚ್ಚಾದದ್ದಲ್ಲ, ಕೈಬರಹದ್ದು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು. ಅವರ ತಾಯಿಯ ಪುಸ್ತಕದಿಂದ ಇವರು ಇಳಿಸಿಕೊಂಡದ್ದು. ಪುಟದ ಅಂಚಿಗೆ ಅರಿಸಿನದ ಬೆರಳಿನ ಗುರುತು. ಒಂದು ಸಾಲಿನ ಪಕ್ಕದಲ್ಲಿ ಅವರು ಪೆನ್ಸಿಲಿನಲ್ಲಿ 'ಇಲ್ಲಿ ನಿಲ್ಲುವುದು' ಎಂದು ಬರೆದುಕೊಂಡಿದ್ದರು. ಅದನ್ನು ನಾನು ಎಷ್ಟೋ ವರ್ಷ ಗಮನಿಸಿರಲಿಲ್ಲ. ಹಾಡು ಬರೆಯಲು ಶುರುಮಾಡಿದ ಮೇಲೆ ಗೊತ್ತಾಯಿತು, ಅದು ಉಸಿರು ತೆಗೆದುಕೊಳ್ಳುವ ಜಾಗ. ನನ್ನ ಮೊದಲ ಗುರು ಆ ಪೆನ್ಸಿಲ್ ಗುರುತು.

ಕವಿತೆ ಬರೆಯುವವರಿಗೂ ಹಾಡು ಬರೆಯುವವರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಓದುವ ಕವಿತೆಯಲ್ಲಿ ಓದುಗ ಹಿಂದಕ್ಕೆ ಹೋಗಬಹುದು, ನಿಲ್ಲಬಹುದು, ಅರ್ಥಕೋಶ ನೋಡಬಹುದು. ಹಾಡು ಕೇಳುವವನ ಮುಂದೆ ಹರಿದು ಹೋಗುತ್ತದೆ, ಅದೂ ಇನ್ನೊಬ್ಬರ ಗಂಟಲಿನಿಂದ. ಆ ಗಂಟಲಿಗೆ ಉಸಿರು ಎಷ್ಟಿದೆ, ನಾಲಿಗೆ ಎಲ್ಲಿ ತೊಡರುತ್ತದೆ ಎಂಬುದು ಬರೆಯುವವನ ಚಿಂತೆಯಾಗಬೇಕು.

ಒಮ್ಮೆ ನಾನು ಚರಣದ ಎತ್ತರದ ಜಾಗದಲ್ಲಿ 'ನಿಸ್ತಬ್ಧ' ಎಂದು ಬರೆದಿದ್ದೆ. ಅರ್ಥಕ್ಕೆ ಅದಕ್ಕಿಂತ ಒಳ್ಳೆಯ ಪದವಿಲ್ಲ ಎಂದು ನಂಬಿದ್ದೆ. ಹಾಡಬೇಕಾಗಿದ್ದ ಹುಡುಗಿಗೆ ಇಪ್ಪತ್ತರ ಒಳಗಿನ ವಯಸ್ಸು. ನಮ್ಮ ಮನೆಯ ಹಾಲಿನಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ನಾಲ್ಕು ಸಲ ಹಾಡಿ ನೋಡಿದಳು. ಆಮೇಲೆ ಮೆಲ್ಲಗೆ, "ಸರ್, ಮೇಲಿನ ಷಡ್ಜದಲ್ಲಿ ನಿಲ್ಲೋಣ ಅಂದ್ರೆ ಈ ಪದದಲ್ಲಿ ಜಾಗಾನೇ ಇಲ್ಲ" ಎಂದಳು. ಅಡುಗೆಮನೆಯಿಂದ ನನ್ನ ಹೆಂಡತಿ, "ನಾನು ಬೆಳಗ್ಗೇನೇ ಹೇಳಿದೆ ಕಣ್ರೀ" ಎಂದರು. ಅವರು ಹೇಳಿದ್ದು ನಿಜ. ಸ್ತ, ಬ್ಧ ಎರಡೂ ಬಾಗಿಲು ಮುಚ್ಚುವ ಅಕ್ಷರಗಳು. ದನಿ ನಿಲ್ಲಲು ಒಂದು ಸ್ವರಾಕ್ಷರ ಬೇಕು, ಅದರಲ್ಲೂ ಎತ್ತರದಲ್ಲಿ 'ಆ', 'ಏ', 'ಓ' ಸಿಕ್ಕರೆ ಗಂಟಲು ತೆರೆದುಕೊಳ್ಳುತ್ತದೆ. ನಾನು 'ನಿಸ್ತಬ್ಧ' ಹೊಡೆದು 'ಮೌನ' ಎಂದೂ ಬರೆಯಲಿಲ್ಲ; ಇಡೀ ಸಾಲನ್ನು ತಿರುಗಿಸಿ ಬರೆದು, ಆ ಜಾಗಕ್ಕೆ 'ಮಾತಾಡದ ಮನೆ' ತಂದೆ. ಹಾಡಿಗೆ ಅದು ಹೆಚ್ಚು ಒಪ್ಪಿತು, ಅರ್ಥವೂ ಹತ್ತಿರ ಬಂತು.

ಈ ಪಾಠವನ್ನು ಬೀದಿ ಮೊದಲೇ ಹೇಳಿಕೊಟ್ಟಿತ್ತು. ನಮ್ಮ ರಸ್ತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಬರುತ್ತಿದ್ದರು. 'ಸೊಪ್ಪು' ಎಂಬ ಪದದಲ್ಲಿ ಒತ್ತು ಇರುವುದು 'ಪ್ಪು'ವಿನಲ್ಲಿ. ಅಜ್ಜಿ ಅದನ್ನು ಮುಟ್ಟಿ ಬಿಟ್ಟು, ಕೊನೆಗೊಂದು 'ಓ' ಸೇರಿಸಿ, ಆ 'ಓ'ವನ್ನು ಎಂಟು ಮನೆಗಳಷ್ಟು ದೂರ ಎಳೆಯುತ್ತಿದ್ದರು. ದನಿ ಎಲ್ಲಿ ಪ್ರಯಾಣ ಮಾಡಬಲ್ಲದು ಎಂಬುದು ಅವರಿಗೆ ಗೊತ್ತಿತ್ತು. ಕನ್ನಡದ ಪದಗಳು ಹೆಚ್ಚುಕಡಿಮೆ ಎಲ್ಲವೂ ಸ್ವರದಲ್ಲಿ ಮುಗಿಯುತ್ತವೆ. ಹಾಡುವವರಿಗೆ ನಮ್ಮ ಭಾಷೆ ಕೊಟ್ಟ ದೊಡ್ಡ ಉಡುಗೊರೆ ಇದು. ಆದರೆ ಆ ಸ್ವರ ಬಹಳ ಸಲ 'ಉ'. ಬಾಯಿ ಕಿರಿದಾಗುವ 'ಉ'. ಸಾಲಿನ ಕೊನೆಗಳೆಲ್ಲ 'ಇತು', 'ಇತು' ಎಂದು ಮುಗಿದರೆ ಹಾಡು ಉಸಿರುಗಟ್ಟುತ್ತದೆ. ಸಾಲಿನ ಕೊನೆಯಲ್ಲಿ ಬಾಯಿ ತೆರೆಯುವ ಅಕ್ಷರವನ್ನು ತರುವುದಕ್ಕೆ ವಾಕ್ಯವನ್ನು ಹಿಂದುಮುಂದು ಮಾಡುತ್ತಾ ಕೂರುವುದು, ಹಾಡು ಬರೆಯುವವರ ಬೆಳಗಿನ ಅರ್ಧ ಕೆಲಸ.

ಪದವನ್ನು ರಾಗ ಎಲ್ಲಿ ಮುರಿಯುತ್ತದೆ ಎಂಬುದು ಇನ್ನೂ ಅಪಾಯದ ವಿಷಯ. 'ಬಾರದಿರು' ಎಂದು ಬರೆಯಿರಿ. ಸಂಯೋಜಕರು 'ಬಾ' ಮೇಲೆ ಒಂದು ಸುಂದರ ಎಳೆತ ಕೊಟ್ಟು, ಗಾಯಕಿ ಅಲ್ಲಿ ಉಸಿರು ತೆಗೆದುಕೊಂಡರೆ, ಕೇಳುವವರ ಕಿವಿಗೆ ಬೀಳುವುದು 'ಬಾ'. ಬೇಡ ಎಂದವಳು ಕರೆದಂತಾಯಿತು. ಇಂಥದ್ದು ನನ್ನ ಹಾಡಿನಲ್ಲೇ ಆಗಿದೆ. ಕ್ಯಾಸೆಟ್ ಹೊರಗೆ ಬಂದ ಮೇಲೆ ಗೊತ್ತಾಯಿತು. ಆವತ್ತಿನಿಂದ ಪ್ರತಿ ಪದವನ್ನೂ ಒಡೆದು ನೋಡುತ್ತೇನೆ. ಒಡೆದ ತುಂಡುಗಳಿಗೆ ಬೇರೆ ಅರ್ಥ ಬರುತ್ತದೆಯೇ? ಬಂದರೆ ಅದು ಹಾಡಿಗೆ ಒಳ್ಳೆಯದೋ ಕೆಟ್ಟದ್ದೋ?

ನನ್ನ ಒಂದು ಪರೀಕ್ಷೆಯಿದೆ, ಎಳೆಯರಿಗೆ ಹೇಳುತ್ತಿರುತ್ತೇನೆ. ಇಂದು ಬರೆದ ಸಾಲನ್ನು ನಾಳೆ ಬೆಳಗ್ಗೆ, ಕಾಗದ ನೋಡದೆ, ಗಿಡಕ್ಕೆ ನೀರು ಹಾಕುತ್ತಾ ಹೇಳಿಕೊಳ್ಳಲು ಪ್ರಯತ್ನಿಸಿ. ಬರೆದ ನಿಮಗೇ ನೆನಪಾಗದಿದ್ದರೆ ಇನ್ನೊಬ್ಬರಿಗೆ ಹೇಗೆ ನೆನಪಾದೀತು? ನೆನಪು ಎಲ್ಲಿ ತಡವರಿಸುತ್ತದೋ ಅಲ್ಲಿ ಸಾಲು ದುರ್ಬಲವಾಗಿದೆ. ಹಲವು ಸಲ ನಾಲಿಗೆ ತಾನೇ ಬೇರೊಂದು ಪದವನ್ನು ಹಾಕಿಕೊಂಡು ಮುಂದೆ ಹೋಗುತ್ತದೆ. ಆ ಪದವನ್ನು ಒಳಗೆ ಹೋಗಿ ಬರೆದಿಡಿ. ಹತ್ತರಲ್ಲಿ ಏಳು ಸಲ ನಾಲಿಗೆ ಹೇಳಿದ್ದೇ ಸರಿ ಇರುತ್ತದೆ. ಇದಕ್ಕೆ ಬೇಕಾದದ್ದು ಒಂದು ಲಾಂಗ್ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಹೊಡೆದುಹಾಕುವ ಧೈರ್ಯ. ಹೊಡೆದುಹಾಕಿದ್ದನ್ನು ರಬ್ಬರಿನಿಂದ ಅಳಿಸಬೇಡಿ. ಐದು ವರ್ಷದ ಹಿಂದೆ ಹೊಡೆದ ಸಾಲು ಇಂದು ಬೇರೊಂದು ಹಾಡಿನ ಪಲ್ಲವಿಯಾಗಿ ಎದ್ದು ಬಂದದ್ದು ನನ್ನಲ್ಲೇ ಮೂರು ನಾಲ್ಕು ಸಲ ಉಂಟು.

ಪಲ್ಲವಿಯ ಬಗ್ಗೆ ಒಂದು ಮಾತು. ಮೂರು ಚರಣದ ಹಾಡಿನಲ್ಲಿ ಪಲ್ಲವಿ ನಾಲ್ಕು ಸಲವಾದರೂ ಬರುತ್ತದೆ. ಮೊದಲ ಸಲ ಹೇಳಿದ್ದನ್ನೇ ನಾಲ್ಕನೇ ಸಲವೂ ಹೇಳಿದರೆ ಅದು ಬರಿಯ ಪುನರಾವರ್ತನೆ. ಒಂದೊಂದು ಚರಣ ದಾಟಿ ಬಂದಾಗಲೂ ಅದೇ ಪದಗಳು ಸ್ವಲ್ಪ ಬೇರೆ ಅರ್ಥ ತರುವಂತಿರಬೇಕು. ದಾಸರ ಪದಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಬಹುದು: ಪಲ್ಲವಿಯಲ್ಲಿ ಒಂದು ಪ್ರಶ್ನೆ, ಚರಣಗಳಲ್ಲಿ ಉದಾಹರಣೆ, ಕೊನೆಗೆ ಬಂದಾಗ ಅದೇ ಪ್ರಶ್ನೆ ಕೇಳುವವನ ಎದೆಗೆ ತಿರುಗಿರುತ್ತದೆ.

ಶಿವರುದ್ರಪ್ಪನವರ ಕಡೆಗೆ ಮತ್ತೆ ಬರುತ್ತೇನೆ, ಏಕೆಂದರೆ ಹಾಡಿಗಾಗಿ ತನ್ನ ಪದವನ್ನು ಬಿಟ್ಟುಕೊಡುವ ಮನೋಧರ್ಮಕ್ಕೆ ಅವರಿಗಿಂತ ದೊಡ್ಡ ಉದಾಹರಣೆ ನನಗೆ ಕಾಣುವುದಿಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1926ರ ಫೆಬ್ರವರಿ 7ರಂದು ಹುಟ್ಟಿದವರು. ಕುವೆಂಪು ಅವರ ಶಿಷ್ಯರು. 1951ರಲ್ಲಿ ಬಂದ ಮೊದಲ ಸಂಕಲನದ ಹೆಸರೇ 'ಸಾಮಗಾನ'. ಮುಂದೆ 'ಕಾವ್ಯಾರ್ಥ ಚಿಂತನ'ದಂಥ ಕಾವ್ಯಮೀಮಾಂಸೆಯ ಕೃತಿಗೆ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸರು, ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವನ್ನು ದೀರ್ಘಕಾಲ ನಡೆಸಿದ ಆಡಳಿತಗಾರರು, 2006ರಲ್ಲಿ ರಾಷ್ಟ್ರಕವಿ. ಇಷ್ಟು ಓದಿದವರ ಭಾಷೆ ಭಾರವಾಗಬೇಕಿತ್ತು. ಅವರ ಗೀತೆಗಳನ್ನು ನೋಡಿ: ಹಣತೆ, ಮೋಡ, ದಾರಿ, ದೀಪ, ಪ್ರೀತಿ. ಐದನೇ ತರಗತಿಯ ಮಗುವಿಗೆ ಗೊತ್ತಿಲ್ಲದ ಪದ ಅಪರೂಪ. ಸೌಂದರ್ಯಮೀಮಾಂಸೆಯ ಮೇಲೆ ಪಿಎಚ್.ಡಿ. ಮಾಡಿದವರು ಹಾಡಿಗೆ ಕೂತಾಗ ತಮ್ಮ ಪಾಂಡಿತ್ಯವನ್ನು ಬಾಗಿಲಾಚೆ ಬಿಟ್ಟುಬಂದರು. ಅದು ಸುಲಭದ ಕೆಲಸವೆಂದು ಯಾರೂ ತಿಳಿಯಬಾರದು. ಗೊತ್ತಿರುವ ಪದವನ್ನು ಬಳಸದೆ ಇರುವುದಕ್ಕೆ, ಗೊತ್ತಿಲ್ಲದ ಪದವನ್ನು ಹುಡುಕುವುದಕ್ಕಿಂತ ಹೆಚ್ಚಿನ ಶಿಸ್ತು ಬೇಕು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡ ಕಿರುತೆರೆಯಲ್ಲಿ ವರ್ಷಾನುಗಟ್ಟಲೆ ನಡೆಸಿದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದ ಹೆಸರು ಶಿವರುದ್ರಪ್ಪನವರ ಕವಿತೆಯಿಂದ ಬಂದದ್ದು. ಆ ಕಾರ್ಯಕ್ರಮ ನೋಡಿದ ಎಷ್ಟು ಮನೆಗಳಲ್ಲಿ ಅದು ಯಾರ ಮಾತು ಎಂದು ಗೊತ್ತಿತ್ತು? ಈ ಪ್ರಶ್ನೆಯನ್ನು ಇಲ್ಲಿ ಇಟ್ಟು ಮುಂದೆ ಹೋಗುತ್ತೇನೆ. ಮತ್ತೆ ಇದಕ್ಕೇ ಬರುವುದಿದೆ.

ನಿಸಾರ್ ಅಹಮದರದು ಇನ್ನೊಂದು ಬಗೆ. 'ಮನಸು ಗಾಂಧಿ ಬಜಾರು' ಎಂದು 1960ರಲ್ಲಿ ಮೊದಲ ಸಂಕಲನ ತಂದವರು. ನಮ್ಮ ಬೀದಿಯ ಹೆಸರು ಕವಿತಾ ಸಂಕಲನದ ಹೆಸರಾದಾಗ ಈ ಭಾಗದ ಓದುಗರಿಗೆ ಆದ ಸಂತೋಷವನ್ನು ನನ್ನ ಹಿರಿಯರು ಹೇಳುತ್ತಿದ್ದರು. ನವ್ಯದ ಮೊನಚು, ವ್ಯಂಗ್ಯ, ಮುಕ್ತಛಂದ ಎಲ್ಲವೂ ಅವರಿಗೆ ಸಾಧ್ಯವಿತ್ತು. ಅದೇ ಕೈ 'ನಿತ್ಯೋತ್ಸವ'ವನ್ನೂ ಬರೆಯಿತು. 1976ರಲ್ಲಿ ಸಂಕಲನ, 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಕ್ಯಾಸೆಟ್, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಗೇಯಕವಿತೆ ಎಂದರೆ ಹಳೆಯ ಕಾಲದ್ದು ಎಂಬ ಭಾವನೆ ಬಲವಾಗಿದ್ದ ದಿನಗಳವು. ಹಾಡಬಹುದಾದದ್ದನ್ನು ಬರೆದರೆ ಗಂಭೀರ ಕವಿಗಳ ಸಾಲಿನಲ್ಲಿ ಜಾಗ ಸಿಗುತ್ತದೋ ಇಲ್ಲವೋ ಎಂದು ಹಲವರು ಅಳುಕುತ್ತಿದ್ದರು. ನಿಸಾರರು ಎರಡನ್ನೂ ತಲೆಯೆತ್ತಿ ಬರೆದರು. ಆ ಕ್ಯಾಸೆಟ್ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ಓಡುತ್ತಿದ್ದಾಗ ಚೀಲ ಹಿಡಿದ ಜನ ಒಂದು ಕ್ಷಣ ನಿಂತು ಕೇಳಿ ಹೋಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಲ್ಲಿಯವರೆಗೆ ಹೇಳಿದ್ದು ಮೊದಲು ಮಾತು, ಆಮೇಲೆ ರಾಗ ಎಂಬ ಹಾದಿ. ಸಿನಿಮಾದಲ್ಲಿ ಹೆಚ್ಚಾಗಿ ದಾರಿ ತಿರುಗುಮುರುಗು. ಸಂಗೀತ ನಿರ್ದೇಶಕರು ಟ್ಯೂನ್ ಕೊಡುತ್ತಾರೆ, ಮೊದಲು ಕ್ಯಾಸೆಟ್ಟಿನಲ್ಲಿ, ಈಗ ವಾಟ್ಸ್‌ಆ್ಯಪಿನಲ್ಲಿ. 'ತಾನ ನಾನ' ಎಂದೋ ಅರ್ಥವಿಲ್ಲದ ಡಮ್ಮಿ ಪದಗಳಿಂದಲೋ ತುಂಬಿದ ಒಂದು ಅಚ್ಚು ಅದು. ಅದರೊಳಗೆ ಕನ್ನಡ ಮೀಟರಿಗೆ ಕೂರಬೇಕು. ಇದು ಕವಿತೆಯೇ ಅಲ್ಲ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ವಾರ್ಧಕ ಷಟ್ಪದಿಯೂ ಬರೆಯುವ ಮುನ್ನವೇ ಇದ್ದ ಅಚ್ಚು. ಲಕ್ಷ್ಮೀಶನಿಗೆ ಅದು ಸಂಕೋಲೆಯಾಗಲಿಲ್ಲ. 2006ರ 'ಮುಂಗಾರು ಮಳೆ'ಯಲ್ಲಿ ಕಾಯ್ಕಿಣಿಯವರು ಮನೋಮೂರ್ತಿಯವರ ಸಂಗೀತಕ್ಕೆ ಬರೆದಾಗ ಸಿನಿಮಾ ಹಾಡಿನ ಭಾಷೆಗೆ ಹೊಸ ಗಾಳಿ ಬಂತು. ಅದಕ್ಕೂ ಮೂವತ್ತು ವರ್ಷ ಮೊದಲು ಪುಟ್ಟಣ್ಣ ಕಣಗಾಲರ 'ಶುಭಮಂಗಳ'ದಲ್ಲಿ ಎಂ.ಎನ್. ವ್ಯಾಸರಾವ್ ಅವರು ಅಂಥದ್ದೇ ತಾಜಾತನ ತಂದಿದ್ದರು.

ಈ ದಾರಿಯ ದೊಡ್ಡ ಹೆಸರು ಚಿ. ಉದಯಶಂಕರ್. 1963ರ 'ಸಂತ ತುಕಾರಾಂ'ನಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಮೂರು ಸಾವಿರಕ್ಕೂ ಹೆಚ್ಚು ಹಾಡು, ಜೊತೆಗೆ ಸಂಭಾಷಣೆ. ಕೂತಲ್ಲೇ ನಿಮಿಷಗಳಲ್ಲಿ ಬರೆದುಕೊಡುತ್ತಿದ್ದರು ಎಂದು ಬೆರಗಿನಿಂದ ಹೇಳುತ್ತಾರೆ. ನಾನು ಆ ವೇಗವನ್ನು ಬೇರೆ ಕಡೆಯಿಂದ ನೋಡುತ್ತೇನೆ. ಅವರ ತಂದೆ ಚಿ. ಸದಾಶಿವಯ್ಯನವರು ಪಂಡಿತರು, ಸ್ವತಃ ಚಿತ್ರಗೀತೆ ಬರೆದವರು. ಆ ಮನೆಯಲ್ಲಿ ಬಾಲ್ಯದಿಂದ ಕಿವಿಗೆ ಬಿದ್ದ ಪದ್ಯ, ಶ್ಲೋಕ, ಪದಗಳೆಲ್ಲ ತಳದಲ್ಲಿ ಇದ್ದದ್ದಕ್ಕೇ ಮೇಲೆ ಬುಗ್ಗೆ ಚಿಮ್ಮಿತು. ಹತ್ತು ನಿಮಿಷದಲ್ಲಿ ಬರೆದ ಹಾಡಿಗೆ ಮೂವತ್ತು ವರ್ಷದ ತಯಾರಿಯಿರುತ್ತದೆ.

ಇನ್ನು ಕೊಟ್ಟುಬಿಡುವ ಮಾತು. ಹಾಡು ಬರೆಯುವವರ ಮನಸ್ಸಿಗೆ ಇದರಷ್ಟು ಕಷ್ಟದ್ದು ಬೇರೊಂದಿಲ್ಲ. ಕವಿತೆ ಅಚ್ಚಾದ ಮೇಲೂ ನಮ್ಮದಾಗಿಯೇ ಇರುತ್ತದೆ. ಹಾಡು ಸಂಯೋಜಕರದಾಗುತ್ತದೆ, ಆಮೇಲೆ ಗಾಯಕರದು, ಆಮೇಲೆ ಸಿನಿಮಾದ ನಾಯಕನದು, ಕೊನೆಗೆ ಯಾರದೂ ಅಲ್ಲದ ಎಲ್ಲರದು. ಮೊದಮೊದಲು ಗಾಯಕರು ಒಂದು ಪದ ಬದಲಿಸಿದರೆ ನಾನು ವಾರಗಟ್ಟಲೆ ಮಾತು ಬಿಡುತ್ತಿದ್ದೆ. ಅದು ತಪ್ಪು ಎಂದು ಒಂದು ಮಧ್ಯಾಹ್ನ ಗೊತ್ತಾಯಿತು. ಬನಶಂಕರಿಯ ಒಂದು ಛತ್ರದಲ್ಲಿ ಸಂಬಂಧಿಕರ ನಾಮಕರಣ. ತೊಟ್ಟಿಲ ಸುತ್ತ ನಿಂತ ಹೆಂಗಸರು ಹಾಡಿದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಕಾಫಿ ಲೋಟ ನಿಂತಿತು. ಅದು ನಾನು 1986ರಲ್ಲಿ ಬರೆದ ಲಾಲಿ. ಒಂದು ಪದ ಬದಲಾಗಿತ್ತು, ಒಂದು ಚರಣ ಇಲ್ಲವೇ ಇಲ್ಲ, ರಾಗವೂ ಸ್ವಲ್ಪ ಸರಳವಾಗಿತ್ತು. ಬದಲಾದ ಪದ ನನ್ನ ಪದಕ್ಕಿಂತ ಚೆನ್ನಾಗಿತ್ತು. ಹಾಡಿದ ಹಿರಿಯ ಮಹಿಳೆಯನ್ನು, "ಅಮ್ಮಾ, ಇದು ಯಾರ ಹಾಡು?" ಎಂದು ಕೇಳಿದೆ. "ಯಾರದಪ್ಪಾ, ಹಿಂದಿನಿಂದ ಬಂದದ್ದು. ಜನಪದ ಇರಬೇಕು" ಎಂದರು.

ಆ ದಿನ ನನಗೆ ಆದ ಸಂತೋಷವನ್ನು ಬೇರೆ ಯಾವ ಸನ್ಮಾನವೂ ಕೊಟ್ಟಿಲ್ಲ. ನಾನು ಬದುಕಿರುವಾಗಲೇ ನನ್ನ ಹಾಡು 'ಹಿಂದಿನಿಂದ ಬಂದದ್ದು' ಆಯಿತು. ಮನೆಗೆ ಬಂದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ, ಅದೂ ನಿಜ. ಹಾಡನ್ನು ಕೊಡಲು ನಾನು ಸಿದ್ಧನಿದ್ದೆ. ಹೆಸರನ್ನೂ ಕೊಡಬೇಕೇ?

ಇದನ್ನು ಬಹಳ ವರ್ಷ ಯೋಚಿಸಿದ್ದೇನೆ. ದಾಸರು ಕೊನೆಯ ಚರಣದಲ್ಲಿ ಅಂಕಿತ ಇಟ್ಟರು. ಅದು ದೇವರ ಹೆಸರು, ತಮ್ಮದಲ್ಲ. ಆದರೂ 'ಪುರಂದರ ವಿಠಲ' ಎಂದೊಡನೆ ಯಾರದೆಂದು ನಮಗೆ ತಿಳಿಯುತ್ತದೆ. ಐದು ನೂರು ವರ್ಷ ಬಾಯಿಂದ ಬಾಯಿಗೆ ದಾಟಿ ಬಂದರೂ ಕೃತಿಕಾರರ ಗುರುತು ಅಳಿಯಲಿಲ್ಲ, ಏಕೆಂದರೆ ಅದು ಹಾಡಿನ ಒಳಗೇ ಇತ್ತು, ತಾಳಕ್ಕೆ ಸಿಕ್ಕಿಕೊಂಡಿತ್ತು. ನಮ್ಮ ಕಾಲದ ಗೀತೆಗಳಿಗೆ ಅಂಕಿತವಿಲ್ಲ. ಹಾಗಾಗಿ ಹಾಡುವ ಮೊದಲು ಹೆಸರು ಹೇಳುವವರ ಬಾಯೇ ನಮ್ಮ ಅಂಕಿತ. ಆಕಾಶವಾಣಿಯವರು ಪ್ರತಿ ಭಾವಗೀತೆಯ ಮೊದಲು ಕವಿಯ ಹೆಸರು, ಸಂಯೋಜಕರ ಹೆಸರು, ಗಾಯಕರ ಹೆಸರು ಹೇಳುತ್ತಿದ್ದರು. ನಮ್ಮ ತಲೆಮಾರಿನವರಿಗೆ ಯಾವ ಹಾಡು ಯಾರದೆಂದು ಗೊತ್ತಿರುವುದು ಆ ಒಂದು ವಾಕ್ಯದಿಂದ. ಈಗ ಮೊಬೈಲಿನಲ್ಲಿ ಹಾಡು ಹಾಕಿದರೆ ಪರದೆಯ ಮೇಲೆ ಸಿನಿಮಾದ ಹೆಸರು ದೊಡ್ಡದಾಗಿ, ಗಾಯಕರ ಹೆಸರು ಸಣ್ಣದಾಗಿ ಕಾಣುತ್ತದೆ. ಬರೆದ ಕೈಯನ್ನು ಹುಡುಕಿಕೊಂಡು ಹೋಗಬೇಕು. ನನ್ನದೇ ಒಂದು ಕ್ಯಾಸೆಟ್ಟಿನ ಹೊದಿಕೆಯಲ್ಲಿ ವಾದ್ಯಗಾರರವರೆಗೆ ಎಲ್ಲರ ಹೆಸರಿತ್ತು, 'ಸಾಹಿತ್ಯ' ಎಂಬಲ್ಲಿ ಖಾಲಿ. ಕೇಳಿದ್ದಕ್ಕೆ ಜಾಗ ಸಾಲಲಿಲ್ಲ ಎಂದರು.

ಹಣದ ವಿಷಯದಲ್ಲಿ ಕಾನೂನು ಸ್ವಲ್ಪ ಎಚ್ಚೆತ್ತಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ ಗೀತೆ ಬರೆದವರು ಮತ್ತು ಸಂಗೀತ ಸಂಯೋಜಿಸಿದವರು ತಮ್ಮ ರಾಯಧನದ ಪಾಲನ್ನು ನಿರ್ಮಾಪಕರಿಗೋ ಧ್ವನಿಮುದ್ರಣ ಕಂಪನಿಗೋ ಬರೆದುಕೊಡುವಂತಿಲ್ಲ. ಬರೆದುಕೊಟ್ಟರೂ ಅದು ಸಲ್ಲದು. ರಾಜ್ಯಸಭೆಯಲ್ಲಿ ಇದಕ್ಕಾಗಿ ಹೋರಾಡಿದವರು ಉರ್ದು, ಹಿಂದಿಯ ಗೀತಕಾರ ಜಾವೇದ್ ಅಖ್ತರ್. ಎಳೆಯ ಗೀತರಚನಕಾರರು ಸಹಿ ಹಾಕುವ ಮೊದಲು ಈ ಕಾನೂನನ್ನು ಒಮ್ಮೆ ಓದಬೇಕು. ಕರಾರುಪತ್ರವನ್ನು ಓದುವುದೂ ಹಾಡು ಬರೆಯುವವರ ದಿನಚರಿಯ ಭಾಗವೇ.

ರಾಗಕ್ಕೆ ನಾವು ಕೊಡುವ ಲಕ್ಷ್ಯವನ್ನು ನೋಡಿ. ಕುವೆಂಪು ಅವರ ಗೀತೆಯನ್ನು ಸರ್ಕಾರ 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಯಾರ ರಾಗದಲ್ಲಿ ಹಾಡಬೇಕು, ಎಷ್ಟು ನಿಮಿಷ ಹಾಡಬೇಕು ಎಂಬ ಚರ್ಚೆ ಅಲ್ಲಿಂದ ಹದಿನೆಂಟು ವರ್ಷ ನಡೆದು, 2022ರಲ್ಲಿ ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ತೀರ್ಮಾನವಾಯಿತು. ಅದು ಆಗಬೇಕಾದದ್ದೇ. ಹಾಡಿನ ಒಂದೊಂದು ಸೆಕೆಂಡಿನ ಲೆಕ್ಕ ಇಡಬಲ್ಲ ನಾಡು, ಬರೆದವರ ಹೆಸರು ಹೇಳಲು ಬೇಕಾದ ಐದು ಸೆಕೆಂಡನ್ನೂ ಕೊಡಬಲ್ಲದು ಎಂದು ನಾನು ನಂಬುತ್ತೇನೆ.

2005ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆದ ಸಂಜೆ ಅಶ್ವತ್ಥರ ಹಾಡು ಕೇಳಲು ಸೇರಿದ ಜನಸಾಗರ ನಿಮಗೆ ನೆನಪಿರಬಹುದು. ಅಷ್ಟು ಜನ ಕವಿತೆ ಕೇಳಲು ಬಂದಿದ್ದರು ಎಂಬ ಮಾತನ್ನು ನಾನು ಎಲ್ಲ ಕಡೆ ಹೇಳುತ್ತೇನೆ, ಏಕೆಂದರೆ ಅಲ್ಲಿ ಹಾಡಿದ್ದು ಕವಿಗಳನ್ನು. ಹಾಗೆ ನಮ್ಮನ್ನು ಒಂದೆಡೆ ಕೂಡಿಸಿದ ಅಶ್ವತ್ಥ್ 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ಹೋದರು. ನಿಸಾರ್ ಅಹಮದ್ 2020ರ ಮೇ 3ರಂದು, ಲಕ್ಷ್ಮೀನಾರಾಯಣ ಭಟ್ಟರು 2021ರ ಮಾರ್ಚ್ 6ರಂದು. 'ಚಿನ್ನಾರಿ ಮುತ್ತ'ದ ಹಾಡುಗಳಿಂದ ನಮ್ಮ ಮಕ್ಕಳಿಗೆಲ್ಲ ಬಾಲ್ಯ ಕೊಟ್ಟ ವೆಂಕಟೇಶಮೂರ್ತಿಯವರು 2025ರ ಮೇ 30ರಂದು. ಇವರನ್ನು ಕಂಡವರು, ಇವರ ಜೊತೆ ಕಾಫಿ ಕುಡಿದವರು ಈ ಸಭೆಯಲ್ಲಿ ಇನ್ನೂ ಇದ್ದಾರೆ.

ಆದ್ದರಿಂದ ನನ್ನ ಕೋರಿಕೆ ಒಂದೇ. ನಿಮ್ಮ ಮನೆಯ ನಾಮಕರಣದಲ್ಲಿ, ಗೃಹಪ್ರವೇಶದಲ್ಲಿ, ಬಡಾವಣೆಯ ರಾಜ್ಯೋತ್ಸವದಲ್ಲಿ, ಮಗುವಿನ ಶಾಲೆಯ ವೇದಿಕೆಯಲ್ಲಿ ಯಾರಾದರೂ ಹಾಡಲು ಎದ್ದಾಗ, "ಇದನ್ನು ಬರೆದವರು ಯಾರು?" ಎಂದು ಕೇಳಿ. ಗೊತ್ತಿದ್ದರೆ ಹೇಳಿಸಿ, ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಮುಂದಿನ ಸಲ ಹೇಳಿಸಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ನಮ್ಮ ಬಡಾವಣೆಯ ಮಕ್ಕಳು ಶಿವರುದ್ರಪ್ಪನವರ ಮೂರು ಗೀತೆಗಳನ್ನು ಹಾಡಲಿದ್ದಾರೆ. ಪ್ರತಿ ಹಾಡಿನ ಮೊದಲೂ ಕವಿಯ ಹೆಸರನ್ನು ಗಟ್ಟಿಯಾಗಿ ಹೇಳಬೇಕೆಂದು ಅವರಿಗೆ ಹೇಳಿದ್ದೇನೆ. ಕೇಳಿಸಿಕೊಳ್ಳಿ.